ಎರಡು ಹಾಳೆಗಳ ನಡುವಿನ ಮನೆ

ನಮ್ಮ ಅತ್ತಿಗೆ ಎಂಥವರು ಅಂತ ಹೇಳಬೇಕಾದರೆ ಮೊದಲು ಟೇಬಲ್ಲಿನ ವಿಷಯ ಹೇಳಬೇಕು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಎಂಟಕ್ಕೆ ಹಳೇ ಟಿಕೆಟ್ ಹಾಲಿನಲ್ಲಿ ಊರವರ ಅದಲು ಬದಲಿಗೆ ಅಂತ ಹದಿನಾಲ್ಕು ಟೇಬಲ್ ಹಾಕಬೇಕಿತ್ತು. ಎಳೆದು ಹಾಕಿದ್ದು ನಾನು, ಸೊಂಟ ಹಿಡಿಸಿಕೊಂಡಿದ್ದೂ ನಾನು. ಅತ್ತಿಗೆ ಮಾತ್ರ ಟೇಪು ಹಿಡಿದುಕೊಂಡು ಬಂದು ಎರಡು ಟೇಬಲ್ ನಡುವೆ ಮೂರು ಅಡಿ ಇದೆಯೋ ಇಲ್ಲವೋ ಅಂತ ಅಳೆಯುತ್ತಿದ್ದರು. ಎರಡು ಬೆರಳು ಕಡಿಮೆ ಬಿದ್ದರೆ ಮತ್ತೆ ಎಳೆಸುತ್ತಿದ್ದರು.

"ಅತ್ತಿಗೆ, ಇಲ್ಲೇನು ವಿಮಾನ ಇಳಿಸ್ತೀರಾ?"

"ಇಳಿಸೋದಾದ್ರೂ ಇಷ್ಟೇ ಜಾಗ ಬಿಡ್ತಿದ್ದೆ ಕಣೇ. ಎಳಿ, ಎಳಿ."

ಅವರು ನಮ್ಮಣ್ಣನ ಹೆಂಡತಿ. ಪಟ್ಟಣದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವರು. ಯಾವ ಬೀದಿ ಎಲ್ಲಿ ತಿರುಗುತ್ತದೆ, ಯಾರ ಕಾಂಪೌಂಡು ಎಲ್ಲಿಗೆ ಮುಗಿಯುತ್ತದೆ ಅನ್ನೋದೆಲ್ಲ ಅವರ ಪೆನ್ನಿನಿಂದ ಇಳಿದದ್ದೇ. ನಿವೃತ್ತಿಯ ದಿನ ಸಾಹೇಬರು "ಇಷ್ಟು ವರ್ಷದಲ್ಲಿ ಒಂದು ಗೆರೆ ತಪ್ಪಿಲ್ಲ" ಅಂತ ಒಂದು ಕಾಗದದಲ್ಲಿ ಬರೆಸಿ, ಕಟ್ಟು ಹಾಕಿಸಿ ಕೊಟ್ಟಿದ್ದರು. ಅದು ನಮ್ಮ ಮನೆ ಹಜಾರದಲ್ಲಿ ನಮ್ಮಣ್ಣನ ಫೋಟೋಗಿಂತ ಒಂದು ಗೇಣು ಮೇಲಿದೆ. ಅಣ್ಣ ಇದ್ದಾಗಲೂ ಮೇಲೇ ಇತ್ತು. ಅಣ್ಣ ಅದನ್ನು ನೋಡಿ, "ನನ್ನ ಸವತಿ" ಅಂತ ನಗುತ್ತಿದ್ದ. ಅವನು ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ನಾನು ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದವರಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅದಲು ಬದಲು ಶುರು ಮಾಡಿದ್ದು ಅತ್ತಿಗೆಗೆ ಕೈ ಖಾಲಿ ಕೂರಲಾಗದೆ. ಮನೆಯಲ್ಲಿ ಹೆಚ್ಚಾದ ಗಿಡ, ಬೀಜ, ಪಾತ್ರೆ, ಪುಸ್ತಕ, ಕುರ್ಚಿ ಏನಾದರೂ ತನ್ನಿ, ಬೇಕಾದ್ದು ಒಯ್ಯಿರಿ, ದುಡ್ಡಿನ ಮಾತಿಲ್ಲ. ಕೇಳೋಕೆ ಎಷ್ಟು ಚೆನ್ನಾಗಿದೆ! ಮೊದಲ ತಿಂಗಳು ಆದದ್ದೇ ಬೇರೆ. ದರ್ಜಿಯವರು ಒಂದು ಕೆಟಲ್ ಇಷ್ಟಪಟ್ಟು ಎತ್ತಿಕೊಂಡರು, ಅದನ್ನು ತಂದದ್ದು ಅವರ ಷಡ್ಡಕ ಅಂತ ಗೊತ್ತಾದ ಕೂಡಲೇ ಬಿಸಿ ಮುಟ್ಟಿದವರ ಹಾಗೆ ಕೆಳಗಿಟ್ಟುಬಿಟ್ಟರು. "ಅಷ್ಟು ದೊಡ್ಡ ಮನೆಯವರು ಈ ಒಡಕಲು ತಟ್ಟೆನಾ ತಂದಿರೋದು?" ಅಂತ ಇನ್ನೊಬ್ಬರು. ಸಂಜೆಯಾಗುವಷ್ಟರಲ್ಲಿ ಮೂರು ಮನೆಯವರು ಮಾತು ಬಿಟ್ಟಿದ್ದರು.

ಎರಡನೇ ತಿಂಗಳಿಗೆ ಅತ್ತಿಗೆ ನಿಯಮ ತಂದರು. ಆ ಹಾಲಿನ ಹಿಂಬದಿಯಲ್ಲಿ ಹಿಂದೆ ಬಸ್ ಟಿಕೆಟ್ ಕೊಡುತ್ತಿದ್ದ ಕಿಂಡಿ ಇದೆ, ಎರಡು ಕೈ ಮತ್ತು ಒಂದು ಕುಂಡ ಹಿಡಿಯುವಷ್ಟು ಅಗಲ. ತರುವವರು ಶನಿವಾರ ಮಧ್ಯಾಹ್ನ ಆ ಕಿಂಡಿಯಲ್ಲಿ ಸಾಮಾನು ಒಳಗೆ ತಳ್ಳಬೇಕು. ಜೊತೆಗೊಂದು ಚೀಟಿ, ಅದರಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಮಾತ್ರ. ಹೆಸರು ಬರೆಯುವಂತಿಲ್ಲ, ಮಾತಾಡುವಂತಿಲ್ಲ. ಒಳಗೆ ಸ್ಟೂಲಿನ ಮೇಲೆ ಕೂತು ತೆಗೆದುಕೊಳ್ಳುವವಳು ನಾನು. ನನಗೆ ಕಾಣುತ್ತಿದ್ದದ್ದು ಕೈಗಳು ಮಾತ್ರ. ಭಾನುವಾರ ಮುಂಬಾಗಿಲು ತೆರೆದರೆ ಯಾರದ್ದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಇನ್ನೊಂದು ನಿಯಮ, ಒಮ್ಮೆ ಒಯ್ದದ್ದನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಬೇಕು. ಜಗಳ ನಿಂತೇ ಹೋಯಿತು. ಆ ದರ್ಜಿ ಅದೇ ಕೆಟಲ್ ಖುಷಿಯಿಂದ ಒಯ್ದರು, ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದೇ ದೊಡ್ಡ ಕಷ್ಟ.

ಕರಪತ್ರ ಹಂಚಿದ್ದೂ ಅತ್ತಿಗೆಯ ನಕ್ಷೆ ನೋಡಿಕೊಂಡೇ. ಪ್ರತಿ ಮನೆಗೂ ಒಂದು, ಹಂಚಿದ ಮನೆಗೆ ನಕ್ಷೆಯಲ್ಲಿ ಟಿಕ್ಕು. "ಯಾವ ಮನೇನೂ ಬಿಟ್ಟಿಲ್ಲ ತಾನೇ?" ಅಂತ ನಾನು ಕೇಳಿದರೆ, "ನನ್ನ ನಕ್ಷೆಯಲ್ಲಿ ಇಲ್ಲ ಅಂದ್ರೆ ಊರಲ್ಲೇ ಇಲ್ಲ ಅಂತ ತಿಳ್ಕೋ" ಅಂದರು. ಆ ಮಾತು ವಾರಕ್ಕೊಮ್ಮೆಯಾದರೂ ಅವರ ಬಾಯಲ್ಲಿ ಬರುತ್ತಿತ್ತು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಎರಡನೇ ವರ್ಷದ ಒಂದು ಶನಿವಾರ, ಕಿಂಡಿ ಮುಚ್ಚುವ ಹೊತ್ತಿಗೆ, ಆರು ಪುಟ್ಟ ಕುಂಡಗಳು ಒಂದರ ಹಿಂದೆ ಒಂದು ಒಳಗೆ ಬಂದವು. ಕೊಟ್ಟದ್ದು ಒಬ್ಬ ಮುದುಕರ ಕೈ. ಉಗುರಲ್ಲಿ ಮಣ್ಣು, ಎಡಗೈ ತೋರುಬೆರಳಿನ ತುದಿ ಇಲ್ಲ, ಮೊದಲ ಗೆಣ್ಣಿಗೇ ಮೊಂಡಾಗಿತ್ತು. ಕುಂಡ ತೆಗೆದುಕೊಳ್ಳುವಾಗ ನನ್ನ ಕೈಗೆ ಆ ಕೈ ತಾಗಿತು. ತಣ್ಣಗಿತ್ತು. ಗಿಡಕ್ಕೆ ನೀರು ಹಾಕಿ ಬಂದಿರಬೇಕು ಅಂದುಕೊಂಡೆ. ಎಲೆ ಉದ್ದಕ್ಕೆ, ಬೆನ್ನು ಕೆಂಪಗೆ. ನಮ್ಮಲ್ಲಿ ಯಾರಿಗೂ ಆ ಗಿಡದ ಹೆಸರು ಗೊತ್ತಿರಲಿಲ್ಲ. ಚೀಟಿಯಲ್ಲಿ ಮೂರೇ ಸಾಲು: "ಎರಡು ದಿನಕ್ಕೊಮ್ಮೆ ಒಂದು ಲೋಟ ನೀರು. ನೇರ ಬಿಸಿಲು ಬೇಡ. ತಿರುಗಿಸಬೇಡಿ."

ಮರುದಿನ ಆರೂ ಹೋದವು. ನರ್ಸ್ ಒಂದು, ಬೀಗದ ಕೈ ಮಾಡುವವರು ಒಂದು, ಕ್ಷೌರದಂಗಡಿಯವರು ಒಂದು, ಇನ್ನಿಬ್ಬರು ಒಂದೊಂದು. ಆರನೆಯದನ್ನು ಅತ್ತಿಗೆಯೇ ತಂದು ಅಡುಗೆಮನೆ ಕಿಟಕಿಯ ಹತ್ತಿರ ಇಟ್ಟರು.

ಎರಡು ವಾರಕ್ಕೆ ನರ್ಸ್ ದಾರಿಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅಕ್ಕಾ, ಆ ಗಿಡ ವಾಪಸ್ ಕೊಡ್ತೀನಿ. ಕಿಟಕಿ ಈ ಕಡೆ ಇದ್ರೆ ಅದು ಗೋಡೆ ಕಡೆ ಬಗ್ಗುತ್ತೆ. ಬೆಳಗ್ಗೆ ಕುಂಡ ತಿರುಗಿಸಿ ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದ್ರೆ ಮತ್ತೆ ಗೋಡೆ ಕಡೆಗೇ ಮುಖ. ಕತ್ತು ಮುರೀತೇನೋ ಅನ್ನೋ ಹಾಗೆ ತಿರುಚಿಕೊಂಡಿದೆ. ನಂಗೆ ಅದರ ಹತ್ತಿರ ಕೂತು ಊಟ ಮಾಡೋಕಾಗ್ತಿಲ್ಲ."

"ಒಂದು ತಿಂಗಳು ಇಟ್ಕೊಬೇಕಮ್ಮ, ನಿಯಮ," ಅಂದೆ ನಾನು. ಆದರೆ ಆ ವಾರದಲ್ಲೇ ಬೀಗದವರೂ ಬಂದು ಅದನ್ನೇ ಹೇಳಿದರು. ಅವರ ಅಂಗಡಿಯಲ್ಲಿ ಎಲೆ ತುದಿಗಳು ಗೋಡೆಗೆ ಒತ್ತಿಕೊಂಡು ಸುಣ್ಣ ಉದುರುತ್ತಿತ್ತಂತೆ. ಕ್ಷೌರದಂಗಡಿಯವರು ಅದರ ಮೇಲೆ ಟವೆಲು ಮುಚ್ಚಿಟ್ಟಿದ್ದರು. ಗಿರಾಕಿಗಳು ಹೆದರುತ್ತಾರೆ ಅಂತ ನೆಪ ಹೇಳಿದರು. ಹೆದರಿದ್ದು ಅವರೇ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಮ್ಮ ಮನೆಯದ್ದೂ ಕಿಟಕಿಗೆ ಬೆನ್ನು ಹಾಕಿ ಪಾತ್ರೆ ಸ್ಟ್ಯಾಂಡಿನ ಕಡೆ ಬಗ್ಗಿತ್ತು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಅತ್ತಿಗೆ ಬಿಡುವವರಲ್ಲ. ಬೆಳಗ್ಗೆ ಒಂಬತ್ತಕ್ಕೆ ಕುಂಡ ಪೂರ್ತಿ ತಿರುಗಿಸಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕಾದು ಕೂತರು. ಕಣ್ಣಿಗೆ ಚಲನೆ ಕಾಣಲಿಲ್ಲ. ಆದರೆ ಊಟದ ಹೊತ್ತಿಗೆ ಅರ್ಧ ದಾರಿ, ನಾಲ್ಕು ಗಂಟೆಗೆ ಪೂರ್ತಿ, ಗಿಡ ಮತ್ತೆ ಪಾತ್ರೆ ಸ್ಟ್ಯಾಂಡಿಗೆ ಮುಖ ಮಾಡಿತ್ತು.

"ಬಿಸಾಡೋಣ ಅತ್ತಿಗೆ."

"ಬಿಸಾಡೋದಾ? ಎಲ್ಲಾ ಕಡೆ ಗೋಡೆ ಕಡೆ ಅಂತಿದಾರೆ. ಯಾವ ಗೋಡೆ? ಯಾವ ದಿಕ್ಕು? ಅದನ್ನ ಯಾರಾದ್ರೂ ನೋಡಿದಾರಾ?"

ಮರುದಿನ ದಿಕ್ಸೂಚಿ ಹಿಡಿದು ಆರೂ ಜಾಗಕ್ಕೆ ಹೋದರು, ನನ್ನನ್ನೂ ಎಳೆದುಕೊಂಡು. ಪ್ರತಿ ಗಿಡದ ಪಕ್ಕ ಮಂಡಿಯೂರಿ ಕೂತು, ಅದು ಬಗ್ಗಿದ ದಿಕ್ಕನ್ನು ಅಳೆದು ಬರೆದುಕೊಂಡರು. ಮನೆಗೆ ಬಂದು ಊರ ನಕ್ಷೆ ಹಾಸಿ, ಒಂದೊಂದು ಮನೆಯಿಂದ ಒಂದೊಂದು ಗೆರೆ ಎಳೆದರು. ನರ್ಸ್ ಮನೆಯಿಂದ ತೆಂಕಣಕ್ಕೆ, ಕ್ಷೌರದಂಗಡಿಯಿಂದ ಪಡುವಣಕ್ಕೆ, ನಮ್ಮ ಅಡುಗೆಮನೆಯಿಂದ ನೈಋತ್ಯ ಮೂಲೆಗೆ. ಆರು ಗೆರೆಗಳೂ ಒಂದೇ ಚುಕ್ಕೆಯಲ್ಲಿ ಬಂದು ಕೂಡಿದವು. ಸೂಜಿ ಮೊನೆ ಇಡುವಷ್ಟೂ ವ್ಯತ್ಯಾಸವಿಲ್ಲ.

ಆ ಚುಕ್ಕೆ ಇದ್ದದ್ದು ಖಾಲಿ ಜಾಗದಲ್ಲಿ. ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನ ಹಿಂದೆ, ಕಾಲುವೆಗೆ ಮೊದಲು, ಒಂದು ಬಿಳೀ ತ್ರಿಕೋನ. ಮನೆಯಿಲ್ಲ, ಗೆರೆಯಿಲ್ಲ.

"ಅಲ್ಲಿ ಏನೂ ಇಲ್ಲ," ಅಂದರು ಅತ್ತಿಗೆ. ಚುಕ್ಕೆಯ ಮೇಲೆ ಬೆರಳಿಟ್ಟು, "ನಾನೇ ಬರೆದಿದ್ದು" ಅಂತ ಸೇರಿಸಿದರು.

ಬೆಳಗ್ಗೆ ಹತ್ತಕ್ಕೆ ಹೋದೆವು. ಬಣ್ಣದ ಶೆಡ್ಡಿನ ಗೋಡೆ ದಾಟಿದರೆ ಇಬ್ಬರು ಜೊತೆಯಲ್ಲಿ ನಡೆಯಲಾಗದಷ್ಟು ಕಿರಿದಾದ ಸಂದಿ. ಆ ಕಡೆ ಕೊನೆಯ ಮನೆಯ ಬಾಗಿಲಿಗೆ ನೀಲಿ ತಗಡಿನ ನಂಬರು, ನಲವತ್ತೊಂದು. ಈ ಕಡೆಯ ಮೊದಲ ಮನೆಗೆ ನಲವತ್ತೆರಡು. ನಡುವೆ, ಎಲ್ಲಿ ಏನೂ ಇರಬಾರದೋ ಅಲ್ಲಿ, ಒಂದು ಮನೆ ಇತ್ತು. ಹಸಿರು ಬಾಗಿಲು, ನಂಬರಿಲ್ಲ. ಜಗಲಿಯ ಮೇಲೆ ಅದೇ ಕೆಂಪು ಬೆನ್ನಿನ ಗಿಡಗಳು ಇಪ್ಪತ್ತು ಮೂವತ್ತು. ಬಿಸಿಲು ಬೀದಿಯ ಕಡೆಯಿಂದ ಬೀಳುತ್ತಿತ್ತು, ಗಿಡಗಳೆಲ್ಲ ಬೀದಿಗೆ ಬೆನ್ನು ಹಾಕಿ ಬಾಗಿಲ ಒಳಕ್ಕೆ ಬಗ್ಗಿದ್ದವು.

ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡರು. ಅವರು ಹಾಗೆ ಯಾರನ್ನೂ ಹಿಡಿದುಕೊಂಡವರಲ್ಲ.

ಬಾಗಿಲು ತೆರೆದದ್ದು ಒಬ್ಬ ಅಜ್ಜಿ, ಮಂಡಿ ಹಿಡಿದುಕೊಂಡು ನಡೆಯುವವರು. "ಬನ್ನಿ. ಚಪ್ಪಲಿ ಅಲ್ಲೇ ಬಿಡಿ. ಅವರದ್ದು ತುಳೀಬೇಡಿ." ಹೊಸ್ತಿಲ ಪಕ್ಕ ಗಂಡಸರ ಚಪ್ಪಲಿ ಒಂದು ಜೊತೆ, ಅಂಚಿಗೆ ಹಸಿ ಮಣ್ಣು. ಒಳಗೆ ಎರಡು ಕುರ್ಚಿ, ಮೇಜಿನ ಮೇಲೆ ಎರಡು ಲೋಟ, ಎರಡರಲ್ಲೂ ಹಬೆಯಾಡುವ ಟೀ. ಒಳಕೋಣೆಗೆ ಪರದೆ.

"ಯಾವ ಕಡೆಯವರು ನೀವು?" ಅಂತ ಕೇಳಿದರು ಅಜ್ಜಿ.

"ನಕ್ಷೆ ಆಫೀಸಿನಲ್ಲಿ... ಇದ್ದೆ," ಅಂದರು ಅತ್ತಿಗೆ.

ಅಜ್ಜಿಯ ಮುಖ ಅರಳಿತು. ಪರದೆಯ ಕಡೆ ತಿರುಗಿ, "ರೀ, ಕೇಳಿಸ್ತಾ? ನಕ್ಷೆಯವರು ಬಂದಿದಾರೆ. ಅಂತೂ ಬಂದ್ರು" ಅಂದರು. ಒಳಗಿನಿಂದ ಉತ್ತರವಿಲ್ಲ. ಆದರೆ ಅಜ್ಜಿ ಉತ್ತರ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ, "ಹೂಂ, ಹೇಳ್ತೀನಿ ಇರಿ" ಅಂದರು.

ಆಮೇಲೆ ಹೇಳಿದರು. ಗಂಡ ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದವರು. ಹನ್ನೊಂದು ತಿಂಗಳ ಹಿಂದೆ, ಈ ಕುರ್ಚಿಯಲ್ಲೇ, ಟೀ ಕುಡಿಯುತ್ತಾ ಹೋಗಿಬಿಟ್ಟರು. ಅಕ್ಕಪಕ್ಕದವರು ಸೇರಿ ಮಾಡಬೇಕಾದ್ದೆಲ್ಲ ಮಾಡಿ ಮುಗಿಸಿದರು. ಅಜ್ಜಿ ಸಾವು ಬರೆಸಲು ಕಚೇರಿಗೆ ಹೋದರು. ಗುಮಾಸ್ತ ನಕ್ಷೆ ಬಿಡಿಸಿ ನೋಡಿ, "ಈ ಮನೆಯೇ ಇಲ್ಲವಲ್ಲ ಅಜ್ಜಿ. ಇಲ್ಲದ ಮನೇಲಿ ಯಾರೂ ಸಾಯೋಕಾಗಲ್ಲ" ಅಂದನಂತೆ. ಒಂಬತ್ತು ಸಲ ಹೋದರು. ಒಂಬತ್ತು ಸಲವೂ ಅದೇ ಮಾತು.

"ಒಂಬತ್ತನೇ ಸಲ ಮನೆಗೆ ವಾಪಸ್ ಬಂದಾಗ ಇವರು ಬಾಗಿಲಲ್ಲಿ ನಿಂತಿದ್ರು," ಅಂದರು ಅಜ್ಜಿ, ಹಾಲಿನವನು ಬಂದಿದ್ದ ಅಂದ ಹಾಗೆ. "ಇನ್ನೇನು ಮಾಡ್ತಾರೆ? ಆಫೀಸಿನವರೇ ಸತ್ತಿಲ್ಲ ಅಂದ ಮೇಲೆ ಎಲ್ಲಿಗೆ ಹೋಗ್ತಾರೆ ಪಾಪ?"

ನಾನು ಕೇಳಿದೆ. "ಅಜ್ಜಿ, ನಮ್ಮ ಅದಲು ಬದಲಿಗೆ ಆರು ಕುಂಡ ಕಳಿಸಿದ್ದು ನೀವಾ?"

"ನನಗೆ ಈ ಮಂಡೀಲಿ ಮೆಟ್ಟಿಲು ಇಳಿಯೋಕೇ ಆಗಲ್ಲ ಈಗ. ಅವರೇ ಹೋಗಿದ್ರು. ನಕ್ಷೆಯಮ್ಮ ಅಲ್ಲಿರ್ತಾರಂತೆ, ನಾನು ಕರೆದ್ರೆ ಅವರಿಗೆ ಕೇಳಲ್ಲ, ಗಿಡ ಕರೆದ್ರೆ ಕೇಳಬಹುದು ಅಂದ್ರು."

ಗೋಡೆಯ ಮೇಲೆ ಫೋಟೋ ಇತ್ತು. ಮುದುಕರೊಬ್ಬರು ಒಂದು ಕುಂಡ ಎದೆಗೆ ಹಿಡಿದು ನಿಂತಿದ್ದಾರೆ. ಎಡಗೈ ತೋರುಬೆರಳು ಮೊಂಡು. ಅಯ್ಯೋ, ನಾನು ಆ ಕೈ ಮುಟ್ಟಿದ್ದೆ! ದೇವರಾಣೆ ಹೇಳ್ತೀನಿ, ಮೂರು ವಾರದ ಹಿಂದೆ, ಹಗಲು ಮೂರೂವರೆ ಗಂಟೆಗೆ, ಆ ಕೈ ನನಗೆ ಕುಂಡ ಕೊಟ್ಟಿತ್ತು. ನಾನು ಇಂಥವನ್ನೆಲ್ಲ ನಂಬುವವಳಲ್ಲ, ಇವತ್ತಿಗೂ ನಂಬಲ್ಲ. ಆದರೆ ಕಂಡದ್ದನ್ನ ಕಂಡಿಲ್ಲ ಅಂತ ಹೇಳೋಕೆ ನನಗೆ ಬರಲ್ಲ.

ಅಜ್ಜಿ ಅತ್ತಿಗೆಯ ಕೈ ಹಿಡಿದರು. "ಅವರಿಗೆ ತುಂಬಾ ಸುಸ್ತಾಗಿದೆ ತಾಯಿ. ಕೂರೋಕಾಗಲ್ಲ, ಮಲಗೋಕಾಗಲ್ಲ, ಹಗಲೆಲ್ಲ ನಿಂತೇ ಇರ್ತಾರೆ. ಎಷ್ಟು ದಿನ ಅಂತ ನಿಲ್ತಾರೆ? ಆ ಕಾಗದ ಒಂದು ಮಾಡಿಸಿಕೊಡಿ. ಅವರನ್ನ ಬಿಡಿಸಿಕೊಡಿ."

ಅತ್ತಿಗೆ ಎದ್ದರು. ಮನೆಗೆ ಬಂದು ಕಬ್ಬಿಣದ ಟ್ರಂಕಿನಿಂದ ಮೂಲ ಹಾಳೆಗಳ ಪ್ರತಿ ತೆಗೆದರು. ಊರು ದೊಡ್ಡದು, ಮೂಲ ನಕ್ಷೆ ಒಂದೇ ಹಾಳೆಯಲ್ಲಿ ಹಿಡಿಯುವುದಿಲ್ಲ. ತುಂಡು ತುಂಡಾಗಿ ಬರೆದು ಅಂಚಿಗೆ ಅಂಚು ಕೂಡಿಸಬೇಕು. ಆ ಮನೆ ಇದ್ದದ್ದು ಏಳನೆಯ ಮತ್ತು ಎಂಟನೆಯ ಹಾಳೆ ಕೂಡುವಲ್ಲಿ. ಏಳನೆಯದರ ಅಂಚಿನಲ್ಲಿ ಅತ್ತಿಗೆಯ ಮುತ್ತಿನಂಥ ಅಕ್ಷರದಲ್ಲಿ "ಮುಂದಿನ ಹಾಳೆ ನೋಡಿ" ಅಂತ ಇತ್ತು. ಎಂಟನೆಯದರ ಅಂಚಿನಲ್ಲಿ "ಹಿಂದಿನ ಹಾಳೆ ನೋಡಿ" ಅಂತ ಇತ್ತು. ಇದರಲ್ಲಿ ಇರುತ್ತೆ ಅಂತ ಅದರಲ್ಲಿ ಬಿಟ್ಟಿದ್ದರು, ಅದರಲ್ಲಿ ಇರುತ್ತೆ ಅಂತ ಇದರಲ್ಲಿ. ಇಪ್ಪತ್ತಾರು ವರ್ಷ ಆ ಇಬ್ಬರು ನೀರಿನ ಪೈಪಿಗೆ, ಟಪಾಲಿಗೆ, ಒಂದು ತಗಡಿನ ನಂಬರಿಗೆ ಅಲೆದಿದ್ದರು. ನಮ್ಮ ಕರಪತ್ರ ಕೂಡ ಅವರಿಗೆ ತಲುಪಿರಲಿಲ್ಲ.

ಅತ್ತಿಗೆ ಅಂದು ಊಟ ಮಾಡಲಿಲ್ಲ. ನಾನು ಬೈದೆ, ಗೋಗರೆದೆ, ಆಮೇಲೆ ನಾನೂ ಮಾಡಲಿಲ್ಲ.

ಕಚೇರಿಯಲ್ಲಿ ಈಗ ಸಾಹೇಬರಾಗಿರುವವನು ಅತ್ತಿಗೆಯ ಕೈಕೆಳಗೆ ಗೆರೆ ಎಳೆಯೋದು ಕಲಿತವನೇ. ಕುರ್ಚಿ ಹಾಕಿಸಿದ, ಎಲ್ಲಾ ಕೇಳಿದ, ಹಾಳೆಗಳನ್ನು ನೋಡಿ ತುಟಿ ಕಚ್ಚಿಕೊಂಡ. ಆಮೇಲೆ ದನಿ ತಗ್ಗಿಸಿ, "ಮೇಡಂ, ಇದಕ್ಕೆ ಸುಲಭದ ದಾರಿ ಇದೆ. ಈ ವರ್ಷ ಹೊಸದಾಗಿ ಕಟ್ಟಿದ ಮನೆ ಅಂತ ಸೇರಿಸಿಬಿಡ್ತೀನಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ತಪ್ಪು ಅಂತ ದಾಖಲಾದ್ರೆ ಆವತ್ತು ಕೊಟ್ಟ ಆ ಕಾಗದವನ್ನೂ ವಾಪಸ್ ಕೇಳಬೇಕಾಗುತ್ತೆ, ನೋಡಿ" ಅಂದ.

ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಆಗಲಿ ಅನ್ನಿಸಿತು. ಅತ್ತಿಗೆಯ ಕಾಲನ್ನು ಮೇಜಿನ ಕೆಳಗೆ ಮೆಲ್ಲಗೆ ತುಳಿದೆ. ಒಪ್ಕೊಳ್ಳಿ ಅಂತ.

ಅತ್ತಿಗೆ ಕೇಳಿದರು, "ಹೊಸ ಮನೆ ಅಂದ್ರೆ ಯಾವತ್ತಿಂದ ಇದ್ದ ಹಾಗೆ?"

"ಇವತ್ತಿಂದ ಮೇಡಂ."

"ಹೋದ ವರ್ಷ ಅಲ್ಲಿ ಸತ್ತವರು?"

ಅವನು ಪೆನ್ನಿನ ಕ್ಯಾಪು ತಿರುಗಿಸತೊಡಗಿದ. ಅತ್ತಿಗೆ ಅವನ ಮೇಜಿನ ಮೇಲಿಂದ ಒಂದು ಬಿಳಿ ಹಾಳೆ ಎಳೆದುಕೊಂಡರು. ಈ ಮನೆ ಇಪ್ಪತ್ತಾರು ವರ್ಷದಿಂದ ಇದೆ, ಇದನ್ನು ನಕ್ಷೆಯಿಂದ ಬಿಟ್ಟವಳು ನಾನು, ತಪ್ಪು ಪೂರ್ತಿ ನನ್ನದು ಅಂತ ಬರೆದು ರುಜು ಹಾಕಿದರು. ಸಂಜೆ ಹಜಾರದ ಗೋಡೆಯಿಂದ ಆ ಕಟ್ಟು ಇಳಿಸಿ, ಧೂಳು ಒರೆಸಿ, ತಾವೇ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದರು. ಬರುವಾಗ ದಾರಿಯಲ್ಲಿ ಯಾರೋ "ಏನು ನಕ್ಷೆಯಮ್ಮ, ಇಷ್ಟೊತ್ತಲ್ಲಿ?" ಅಂತ ಮಾತಾಡಿಸಿದರೆ ತಲೆಯೆತ್ತಲಿಲ್ಲವಂತೆ. ನನಗೆ ಅಳು ಬಂತು, ಆ ಸಾಹೇಬನ ಮೇಲೆ ಸಿಟ್ಟೂ ಬಂತು, ಯಾಕೆ ಅಂತ ಗೊತ್ತಿಲ್ಲ.

ಮೂರು ವಾರಕ್ಕೆ ಮರಣದ ಪ್ರಮಾಣಪತ್ರ ಕೈಗೆ ಬಂತು. ಇಬ್ಬರೂ ತೆಗೆದುಕೊಂಡು ಹೋದೆವು. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಓದಿ" ಅಂದರು. ಅತ್ತಿಗೆ ಹೆಸರು ಓದಿದರು, ತಾರೀಖು ಓದಿದರು, ಮನೆ ನಂಬರು ಓದಿದರು.

"ಆ ಕಡೆ ತಿರುಗಿ ಓದಿ. ಅವರಿಗೆ ಕಿವಿ ಸ್ವಲ್ಪ ಮಂದ."

ಅತ್ತಿಗೆ ಪರದೆಗೆ ಎದುರಾಗಿ ನಿಂತರು. ನಾನು ಗೋಡೆಗೆ ಒತ್ತಿಕೊಂಡೆ. ಅಲ್ಲಿ ಗಾಳಿ ಇರಲಿಲ್ಲ. ಪರದೆಯ ಕೆಳಗಿನ ಅಂಚಿನಲ್ಲಿ ಎರಡು ನೆರಳು, ಯಾರೋ ಅದರಾಚೆ ಹತ್ತಿರವೇ ನಿಂತಿದ್ದರೆ ಕಾಣುವಂಥವು. ಅತ್ತಿಗೆಗೂ ಕಂಡಿತು. ಆದರೂ ಮೊದಲಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದರು. ಆಮೇಲೆ ಕಾಗದದಲ್ಲಿ ಇಲ್ಲದ್ದನ್ನೂ ಹೇಳಿದರು. "ನಿಮ್ಮನ್ನ ನಿಲ್ಲಿಸಿದವಳು ನಾನು. ತಪ್ಪಾಯ್ತು. ಇನ್ನು ನಿಲ್ಲಬೇಡಿ. ಹೋಗಿ ಬನ್ನಿ."

"ಬನ್ನಿ ಅನ್ನಬೇಡಿ," ಅಂದರು ಅಜ್ಜಿ ಮೆಲ್ಲಗೆ.

ಅತ್ತಿಗೆ ತಿರುಗಿ ನೋಡಿದರು. ಯಾರಿಗಾದರೂ ಆ ಅರ್ಧ ಮಾತು ಹೇಳೋದುಂಟೇ? ಮನೆಗೆ ಬಂದ ಶತ್ರುವಿಗೂ ನಾವು ಹೇಳಲ್ಲ. ಅತ್ತಿಗೆಯ ತುಟಿ ಎರಡು ಸಲ ಅಲುಗಿತು, ದನಿ ಬರಲಿಲ್ಲ. ಮೂರನೇ ಸಲ ಬಂತು.

"ಹೋಗಿ."

ಪರದೆಯ ಕೆಳಗಿನ ನೆರಳು ಒಂದು ಹೋಯಿತು, ಆಮೇಲೆ ಇನ್ನೊಂದು. ಒಳಗೆ ಏನೂ ಸದ್ದಾಗಲಿಲ್ಲ. ಅಜ್ಜಿ ಬಹಳ ಹೊತ್ತು ಆ ಕಡೆಯೇ ನೋಡಿದರು, ಕಿವಿ ಕೊಟ್ಟು ಕೂತರು, "ರೀ" ಅಂತ ಒಮ್ಮೆ ಕರೆದರು. ಈ ಸಲ ತಲೆಯಾಡಿಸಲಿಲ್ಲ. ಇಷ್ಟು ತಿಂಗಳಿಂದ ಅಳದವರು ಸೆರಗು ಬಾಯಿಗೆ ತುರುಕಿಕೊಂಡು, ಈಗ ತಾನೇ ಸುದ್ದಿ ಬಂದವರ ಹಾಗೆ ಅಳತೊಡಗಿದರು. ಅತ್ತಿಗೆ ನೆಲದ ಮೇಲೆ ಕೂತು ಅವರ ಮಂಡಿ ಹಿಡಿದುಕೊಂಡರು.

ಅಳು ಒಂದಿಷ್ಟು ನಿಂತ ಮೇಲೆ ಅಜ್ಜಿ ಅವರ ತಲೆಯ ಮೇಲೆ ಕೈಯಿಟ್ಟು ಹೇಳಿದರು, "ಬರ್ಕೊಳ್ಳಿ ತಾಯಿ. ಇನ್ಮೇಲೆ ಈ ಮನೇಲಿ ನಾನೊಬ್ಬಳೇ."